ಮುದ್ರೆ ಒತ್ತುವವರಿಗೆ ರೊಕ್ಕ ಕೊಡುವವರು ಯಾರು?

ಬಿತ್ತನೆ ಬೀಜದ ಚೀಲದ ಬಾಯಿಗೆ ಹೊಲಿದ ಚೀಟಿಯನ್ನು ಓದಿ ಚೀಲ ಬಿಚ್ಚುವವರು ನಮ್ಮಲ್ಲಿ ಕಡಿಮೆ. ಹೆಚ್ಚಿನವರು ಚೀಲದ ಮೇಲಿನ ಚಿತ್ರ ನೋಡುತ್ತಾರೆ, ಅಂಗಡಿಯವನ ಮಾತು ಕೇಳುತ್ತಾರೆ, ಬಿತ್ತುತ್ತಾರೆ. ಆದರೆ ಆ ಚೀಟಿಯ ಬಣ್ಣದಲ್ಲೇ ಒಂದು ಪಾಠ ಇದೆ. ಸಾವಯವ ಪ್ರಮಾಣಪತ್ರ, ಕಂಪನಿಗಳ ಹಸಿರು ಮುದ್ರೆ ಇವುಗಳ ಬಗ್ಗೆ ಬರೆಯಲು ಕುಳಿತವನು ಬೀಜದ ಚೀಟಿಯಿಂದ ಶುರು ಮಾಡುವುದು ಅದಕ್ಕೇ.

ಚೀಟಿ ನೀಲಿ ಇದ್ದರೆ ಅದು ಪ್ರಮಾಣಿತ ಬೀಜ. ಬೀಜ ಬೆಳೆದ ಹೊಲಕ್ಕೆ ಪ್ರಮಾಣನ ಸಂಸ್ಥೆಯ ಅಧಿಕಾರಿ ಬೆಳೆ ನಿಂತಿರುವಾಗಲೇ ಬಂದು ಹೋಗಿರುತ್ತಾನೆ. ತೊಗರಿಯಾದರೆ ಸುತ್ತ 100 ಮೀಟರಿನಲ್ಲಿ ಬೇರೆ ತಳಿಯ ತೊಗರಿ ಇರಬಾರದು, ಬೆರಕೆ ಗಿಡ ಕಿತ್ತಿರಬೇಕು. ರಾಶಿ ಆದ ಮೇಲೆ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ತೊಗರಿಗೆ ನೂರಕ್ಕೆ 75, ಸೋಯಾಕ್ಕೆ 70 ಮೊಳಕೆ ಬಂದರಷ್ಟೇ ಪಾಸು. ಆಮೇಲೆ ಚೀಟಿ ಹೊಲಿದು ಸೀಲು ಹಾಕುತ್ತಾರೆ. ಚೀಟಿಯ ಆಯುಷ್ಯವೂ ಮೊದಲ ಸಲಕ್ಕೆ 9 ತಿಂಗಳು ಮಾತ್ರ.

ಚೀಟಿ ಹಸಿರು ಇದ್ದರೆ ಅದು ನಿಜಚೀಟಿ ಬೀಜ. ಅಂಗಡಿಯವರು ಟಿ.ಎಲ್. ಅನ್ನುತ್ತಾರೆ. ಇಲ್ಲಿ ಹೊರಗಿನವರು ಯಾರೂ ಹೊಲ ನೋಡಿಲ್ಲ. ಇಷ್ಟು ಮೊಳಕೆ ಬರುತ್ತದೆ, ಇಷ್ಟು ಶುದ್ಧ ಇದೆ ಎಂದು ಕಂಪನಿಯೇ ತನ್ನ ಮಾತಿನ ಮೇಲೆ ಬರೆದುಕೊಂಡದ್ದು. 1966ರ ಬೀಜ ಕಾಯ್ದೆಯ ಪ್ರಕಾರ ಬರೆದದ್ದು ಸುಳ್ಳಾದರೆ ಕೇಳಬಹುದು, ಕೇಸು ಹಾಕಬಹುದು. ಹಸಿರು ಚೀಟಿಯೆಲ್ಲ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಹೈಬ್ರಿಡ್ ಹತ್ತಿ ಬೀಜ ಹೆಚ್ಚೂಕಡಿಮೆ ಎಲ್ಲ ಹಸಿರು ಚೀಟಿಯಲ್ಲೇ ಬರುತ್ತದೆ, ಬೆಳೆಯೂ ಬರುತ್ತದೆ. ಫರಕು ಇಷ್ಟೇ: ನೀಲಿಯಲ್ಲಿ ಮಾರುವವನೂ ಅಲ್ಲದ, ಕೊಳ್ಳುವವನೂ ಅಲ್ಲದ ಮೂರನೆಯವನೊಬ್ಬ ನೋಡಿದ್ದಾನೆ. ಹಸಿರಿನಲ್ಲಿ ಮಾರುವವನೇ ಸಾಕ್ಷಿ.

ಜಗತ್ತಿನಲ್ಲಿ ಎಷ್ಟು ಮುದ್ರೆಗಳಿವೆಯೋ ಅವೆಲ್ಲ ಈ ಎರಡು ಬಣ್ಣದೊಳಗೆ ಬರುತ್ತವೆ. ಯಾವ ಮುದ್ರೆ ಕಂಡರೂ ಮೊದಲು ಕೇಳಬೇಕಾದದ್ದು, ಇದನ್ನು ನೋಡಿದವರು ಯಾರು? ಎರಡನೆಯದು, ನೋಡಿದವರಿಗೆ ರೊಕ್ಕ ಕೊಟ್ಟವರು ಯಾರು?

ಕಣ್ಣಿಗೆ ಕಾಣದ ಗುಣ

ಬೀಜವನ್ನಾದರೂ ನಾವು ಮನೆಯಲ್ಲೇ ಪರೀಕ್ಷೆ ಮಾಡಬಹುದು. ನೂರು ಕಾಳು ಎಣಿಸಿ ಒದ್ದೆ ಗೋಣಿತಾಟಿನಲ್ಲಿ ಸುತ್ತಿಟ್ಟು ವಾರದಲ್ಲಿ ಬಿಚ್ಚಿ ನೋಡಿದರೆ ಗೊತ್ತಾಗುತ್ತದೆ. ತೊಗರಿಬೇಳೆ ಬೇಗ ಬೇಯುತ್ತದೋ ಇಲ್ಲವೋ ಒಲೆಯ ಮೇಲೆ ಗೊತ್ತಾಗುತ್ತದೆ. ಆದರೆ ಆ ತೊಗರಿಗೆ ಔಷಧ ಹೊಡೆದಿದ್ದರೋ ಇಲ್ಲವೋ ಎಂಬುದು ಬೆಂಗಳೂರಿನಲ್ಲಿ ಉಣ್ಣುವವರಿಗೆ ನೋಡಿದರೂ ತಿಳಿಯದು, ತಿಂದರೂ ತಿಳಿಯದು. ಪ್ರಯೋಗಾಲಯಕ್ಕೆ ಕಳಿಸಿದರೆ ವಿಷದ ಶೇಷ ಉಳಿದಿದೆಯೇ ಎಂದು ಹೇಳಬಲ್ಲರು. ಯೂರಿಯಾ ಹಾಕಿದ್ದರೇ, ಹೊಲಕ್ಕೆ ಗೊಬ್ಬರ ಬಿದ್ದಿತ್ತೇ, ಬದು ಉಳಿದಿದೆಯೇ ಎಂಬುದು ಬೇಳೆಯಲ್ಲಿ ಬರೆದಿರುವುದಿಲ್ಲ.

ಹೀಗೆ ಕಾಣದ ಗುಣಕ್ಕೆ ಹೆಚ್ಚಿನ ಬೆಲೆ ಕೊಡುವವನು ನಂಬಿಕೆಗೇ ರೊಕ್ಕ ಕೊಡುತ್ತಾನೆ. ಆ ನಂಬಿಕೆ ಒಮ್ಮೆ ಹೋದರೆ ಸುಳ್ಳು ಹೇಳಿದವನ ಮಾಲು ಮಾತ್ರ ಬೀಳುವುದಿಲ್ಲ, ಖರೆ ಬೆಳೆದವನದೂ ಬೀಳುತ್ತದೆ.

ನಮ್ಮ ಬೀದರ್ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1997-98ರಲ್ಲಿ ಕಾಯಿಕೊರಕ ಬಿದ್ದು ತೊಗರಿ ಹೋಯಿತು. ಸಾಲ ಮಾಡಿ ಡಬ್ಬಿ ಮೇಲೆ ಡಬ್ಬಿ ಔಷಧ ಹೊಡೆದರೂ ಕೀಡಿ ಸಾಯಲಿಲ್ಲ. ಔಷಧವೇ ಕಳಪೆ ಎಂಬ ದೂರು ಆಗ ಊರೂರಲ್ಲಿ ಇತ್ತು. ಜಿಲ್ಲೆಯಲ್ಲಿ ರೈತರು ಜೀವ ಕಳೆದುಕೊಂಡರು; ಎ.ಆರ್. ವಾಸವಿಯವರು ಆ ಬಗ್ಗೆ 1999ರಲ್ಲಿ ಅಧ್ಯಯನ ಮಾಡಿ ಬರೆದಿದ್ದಾರೆ. ಆ ಡಬ್ಬಿಗಳ ಮೇಲೆ ಮುದ್ರೆ ಇರಲಿಲ್ಲವೇ? ಇತ್ತು, ನಂಬರೂ ಇತ್ತು. ಒಳಗೆ ಏನಿದೆ ಎಂದು ನೋಡುವ ದಾರಿ ನಮಗೆ ಇರಲಿಲ್ಲ. ಅಂಗಡಿ ಮುಂದೆ ನಿಂತು ಅಂದು ನಾವು ಪಟ್ಟ ಅನುಮಾನವನ್ನೇ ಇಂದು ಪಟ್ಟಣದವರು ನಮ್ಮ ತೊಗರಿಯ ಮುಂದೆ ನಿಂತು ಪಡುತ್ತಿದ್ದಾರೆ. ಅದಕ್ಕೆ ಸಿಟ್ಟು ಮಾಡಿಕೊಂಡು ಉಪಯೋಗವಿಲ್ಲ.

ಪ್ರಮಾಣಪತ್ರ ಯಾರ ಹೆಸರಿಗೆ?

ನಮ್ಮ ದೇಶದಲ್ಲಿ ಸಾವಯವ ಉತ್ಪನ್ನದ ರಾಷ್ಟ್ರೀಯ ಕಾರ್ಯಕ್ರಮ 2001ರಿಂದ ಇದೆ. ಕೇಂದ್ರ ವಾಣಿಜ್ಯ ಇಲಾಖೆಯದು, ಅಪೇಡ ಎಂಬ ಸಂಸ್ಥೆ ನಡೆಸುತ್ತದೆ. ಅಪೇಡ ತಾನೇ ಹೊಲ ನೋಡಲು ಬರುವುದಿಲ್ಲ. ಮಾನ್ಯತೆ ಪಡೆದ ಪ್ರಮಾಣನ ಸಂಸ್ಥೆಗಳು ಬರುತ್ತವೆ. ಅದರಲ್ಲಿ ಖಾಸಗಿಯವು ಇವೆ, ಸರ್ಕಾರದವೂ ಇವೆ. ನೀಲಿ ಚೀಟಿ ಕೊಡುವ ನಮ್ಮ ರಾಜ್ಯದ ಸಂಸ್ಥೆಯೇ ಈಗ ಬೀಜ ಮತ್ತು ಸಾವಯವ ಪ್ರಮಾಣನ ಸಂಸ್ಥೆ ಎಂದು ಹೆಸರು ಬದಲಿಸಿಕೊಂಡು ಈ ಕೆಲಸವನ್ನೂ ಮಾಡುತ್ತಿದೆ. ಕರ್ನಾಟಕ ಸರ್ಕಾರ 2004ರಲ್ಲೇ ಸಾವಯವ ಕೃಷಿ ನೀತಿ ತಂದಿತ್ತು.

ನಿಯಮ ಸರಳ. ಜೋಳ, ತೊಗರಿ, ಕಡಲೆಯಂಥ ಒಂದು ವರ್ಷದ ಬೆಳೆಗೆ ಬಿತ್ತುವ ಮೊದಲು ಹೊಲ ಎರಡು ವರ್ಷ ಪರಿವರ್ತನೆಯಲ್ಲಿ ಇರಬೇಕು. ಮಾವು, ಅಡಿಕೆಯಂಥ ಗಿಡಕ್ಕೆ ಮೊದಲ ಕಟಾವಿಗೆ ಮೂರು ವರ್ಷ. ಏನು ಹಾಕಿದಿರಿ, ಎಲ್ಲಿಂದ ತಂದಿರಿ, ಎಷ್ಟು ರಾಶಿ ಬಂತು, ಯಾರಿಗೆ ಕೊಟ್ಟಿರಿ ಎಲ್ಲ ಬರೆದಿಡಬೇಕು. ಪಕ್ಕದ ಹೊಲದ ಔಷಧ ಗಾಳಿಗೆ ಬರದಂತೆ ಅಂಚು ಬಿಡಬೇಕು.

ಮೂರ್ನಾಲ್ಕು ಎಕರೆಯವನಿಗೆ ಒಬ್ಬನೇ ಫೀ ಕಟ್ಟುವುದು ಆಗುವ ಮಾತಲ್ಲ. ಅದಕ್ಕೆ ಗುಂಪಿನ ಪದ್ಧತಿ ಇದೆ. 25ರಿಂದ 500 ರೈತರ ಗುಂಪು, ಒಳಗಿನವರೇ ಎಲ್ಲರ ಹೊಲ ನೋಡುವುದು, ಹೊರಗಿನ ಇನ್ಸ್‌ಪೆಕ್ಟರು ಕೆಲವು ಹೊಲ ಮಾತ್ರ ಆರಿಸಿ ನೋಡುವುದು. ಕೆಲವು ಅಂದರೆ ಎಷ್ಟು? ಹಿಂದಿನಿಂದ ನಡೆದು ಬಂದದ್ದು ವರ್ಗಮೂಲದ ಲೆಕ್ಕ. 400 ಜನ ಇದ್ದರೆ ಕನಿಷ್ಠ 20 ಹೊಲ. (ಏಳನೇ ಇಯತ್ತೆಯಲ್ಲಿ ಬೆತ್ತದ ಏಟು ತಿಂದು ಕಲಿತ ವರ್ಗಮೂಲ ನನಗೆ ಮೊದಲ ಸಲ ಕೆಲಸಕ್ಕೆ ಬಂದದ್ದು ಇಲ್ಲೇ.) ಉಳಿದ 380 ಹೊಲಕ್ಕೆ ಒಳಗಿನವರ ಬರಹವೇ ಆಧಾರ. ಅಂದರೆ ಮೇಲೆ ನೀಲಿ ಚೀಟಿ ಇದ್ದರೂ ಒಳಗೆ ಬಹಳಷ್ಟು ಹಸಿರು ಚೀಟಿ ಇರುತ್ತದೆ. ಇದು ಮೋಸ ಅಲ್ಲ, ಖರ್ಚು ಉಳಿಸುವ ದಾರಿ. ಆದರೆ ಒಳಗೆ ನೋಡುವವನಿಗೆ ಸಂಬಳ ಕೊಡುವವರು ಯಾರು ಎಂಬುದು ಇಲ್ಲಿ ಬಲು ಮುಖ್ಯ.

ಎಷ್ಟೋ ಕಡೆ ಗುಂಪು ಕಟ್ಟುವುದು, ಒಳಗಿನ ತಪಾಸಣೆ ಮಾಡುವುದು, ಫೀ ಕಟ್ಟುವುದು, ಮಾಲು ಕೊಳ್ಳುವುದು ನಾಲ್ಕೂ ಒಂದೇ ಕಂಪನಿ. ಮೂರು ವರ್ಷದ ಹಿಂದೆ ನಮ್ಮ ಕೊಹಿನೂರ ಕಡೆಗೂ ಅಂಥ ಒಂದು ಕಂಪನಿಯವರು ಬಂದಿದ್ದರು. ಒಳ್ಳೆಯ ಮಾತಿನ ಹುಡುಗರು. ಪೇಟೆಗಿಂತ ಕ್ವಿಂಟಲಿಗೆ ಇಷ್ಟು ಹೆಚ್ಚು ಕೊಡುತ್ತೇವೆ, ಪ್ರಮಾಣಪತ್ರದ ಖರ್ಚು ಪೂರ್ತಿ ನಮ್ಮದು, ನೀವು ಸಹಿ ಮಾಡಿದರೆ ಸಾಕು ಎಂದರು. ನಮ್ಮಲ್ಲಿ ಒಬ್ಬ ಹಿರಿಯರು, ಓದು ಬಾರದವರು, ಒಂದೇ ಮಾತು ಕೇಳಿದರು: "ತಮ್ಮಾ, ಮೂರು ವರ್ಷ ಆದಮ್ಯಾಲ ನಾ ಬ್ಯಾರೆಯವರಿಗೆ ಮಾರಬೇಕಂದ್ರ ಆ ಕಾಗದ ನನಗ ಕೊಡ್ತೀರೇನು?"

ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಕೊಡುವಂತಿಲ್ಲ, ಪ್ರಮಾಣಪತ್ರ ಕಂಪನಿ ಹೆಸರಿಗೆ ಇರುತ್ತದೆ ಎಂದರು. ಅವರು ಸುಳ್ಳು ಹೇಳಲಿಲ್ಲ, ಅದನ್ನು ಮೆಚ್ಚಬೇಕು. ಆದರೆ ಅರ್ಥ ಏನಾಯಿತು? ಎರಡು ವರ್ಷ ಇಳುವರಿ ಕಡಿಮೆ ಬಂದರೂ ತಾಳಿಕೊಳ್ಳುವವರು ನಾವು, ಹೊಲ ನಮ್ಮದು, ಬೆವರು ನಮ್ಮದು. ಕೊನೆಗೆ ನಮ್ಮ ತೊಗರಿ ಸಾವಯವ ಎಂದು ಹೇಳುವ ಹಕ್ಕು ಅವರದು. ಅವರು ಕೊಳ್ಳದಿದ್ದರೆ ಅದೇ ತೊಗರಿ ಹುಮನಾಬಾದ ಅಡತಿಯಲ್ಲಿ ಎಲ್ಲರ ತೊಗರಿ ಜೊತೆ ಒಂದೇ ರಾಶಿ. ನಾವು ಸಹಿ ಮಾಡಲಿಲ್ಲ. ಪಕ್ಕದ ಊರಿನವರು ಮಾಡಿದರು, ಅವರಿಗೆ ಆ ವರ್ಷ ರೊಕ್ಕ ಚೆನ್ನಾಗಿಯೇ ಬಂತು. ಅದನ್ನೂ ಬರೆಯುವುದು ನ್ಯಾಯ.

2025ರ ಜನವರಿಯಲ್ಲಿ ಈ ಕಾರ್ಯಕ್ರಮದ ಎಂಟನೆಯ ಆವೃತ್ತಿಯ ನಿಯಮ ಬಂದಿದೆ. ಬೆಳೆಗಾರರ ಗುಂಪಿಗೇ ಕಾನೂನಿನ ಅಸ್ತಿತ್ವ ಇರಬೇಕು ಎಂಬುದು ಅದರಲ್ಲಿ ದೊಡ್ಡ ಬದಲಾವಣೆ. ರೈತರ ಸಂಘ, ಸೊಸೈಟಿ, ಉತ್ಪಾದಕರ ಕಂಪನಿ ಮಾಡಿಕೊಂಡವರಿಗೆ ಇದು ಒಳ್ಳೆಯ ಬಾಗಿಲು. ಹಾಗಂತ ಹೆಸರಿಗೆ ನಮ್ಮ ಸಂಘ, ಕಾಗದ ಮಾತ್ರ ಕೊಳ್ಳುವವರ ಕಪಾಟಿನಲ್ಲಿ ಎಂದಾಗದಂತೆ ನೋಡಿಕೊಳ್ಳುವುದು ನಮ್ಮ ಕೆಲಸ.

ಪರೀಕ್ಷೆ ಬರೆಯುವವನೇ ಮಾಸ್ತರರಿಗೆ ಸಂಬಳ ಕೊಟ್ಟರೆ

ಮುದ್ರೆಗಳ ಬೇರಿನಲ್ಲೇ ಒಂದು ಹುಳುಕು ಇದೆ. ಯಾರನ್ನು ತಪಾಸಣೆ ಮಾಡಬೇಕೋ ಅವನೇ ತಪಾಸಣೆ ಮಾಡುವವನಿಗೆ ಫೀ ಕಟ್ಟುತ್ತಾನೆ. ನೀಲಿ ಚೀಟಿಗೂ ಬೀಜ ಬೆಳೆಸುವವನೇ ಫೀ ಕಟ್ಟುತ್ತಾನೆ, ನಿಜ. ಆದರೆ ಫೇಲಾದರೆ ಇನ್ನೊಂದು ಬಾಗಿಲು ತಟ್ಟಲು ರಾಜ್ಯದಲ್ಲಿ ಅಂಥ ಇನ್ನೊಂದು ಸಂಸ್ಥೆ ಇಲ್ಲ. ಪ್ರಮಾಣನ ಸಂಸ್ಥೆಗಳು ಹತ್ತಾರು ಇದ್ದು ಗಿರಾಕಿಗಾಗಿ ಪೈಪೋಟಿ ನಡೆಸಿದರೆ, ಬಿಗಿ ಮಾಡುವವನ ಅಂಗಡಿ ಖಾಲಿ, ಸಡಿಲ ಬಿಡುವವನ ಅಂಗಡಿ ತುಂಬ. ಎಲ್ಲರೂ ಹಾಗೇ ಮಾಡುತ್ತಾರೆ ಎಂದಲ್ಲ. ಹಾಗೆ ಮಾಡಲು ಆಸೆ ಹುಟ್ಟಿಸುವ ಏರ್ಪಾಡು ಅದು.

ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಕರಾಚಿಯ ಸಂಗತಿ ನೋಡಿ. ಅಲ್ಲಿನ ಅಲಿ ಎಂಟರ್‌ಪ್ರೈಸಸ್ ಎಂಬ ಬಟ್ಟೆ ಕಾರ್ಖಾನೆ ಜರ್ಮನಿಯ ಅಂಗಡಿಗಳಿಗೆ ಜೀನ್ಸ್ ಹೊಲಿಯುತ್ತಿತ್ತು. ಕಾರ್ಮಿಕರ ಸುರಕ್ಷೆ ಚೆನ್ನಾಗಿದೆ ಎಂಬ ಎಸ್.ಎ. 8000 ಎಂಬ ಅಂತಾರಾಷ್ಟ್ರೀಯ ಪ್ರಮಾಣಪತ್ರ ಅದಕ್ಕೆ 2012ರ ಆಗಸ್ಟಿನಲ್ಲಿ ಸಿಕ್ಕಿತು. ಸೆಪ್ಟೆಂಬರ್ 11ಕ್ಕೆ ಬೆಂಕಿ ಬಿತ್ತು. ಹೊರಬರಲು ದಾರಿ ಸಿಗದೆ 250ಕ್ಕೂ ಹೆಚ್ಚು ಜನ ಸತ್ತರು. ಗೋಡೆಗೆ ಪ್ರಮಾಣಪತ್ರ ಹಾಕಿ ಒಂದು ತಿಂಗಳಾಗಿತ್ತು ಅಷ್ಟೆ.

ನಮ್ಮ ದೇಶದ ಹತ್ತಿಯ ಕಥೆ ಬೇರೆ ಥರದ್ದು. ಸಾವಯವ ಬಟ್ಟೆಗೆ ಜಾಟ್ಸ್ ಎಂಬ ಮುದ್ರೆ ಇದೆ, ಅದರ ಕಚೇರಿ ಜರ್ಮನಿಯಲ್ಲಿದೆ. ಭಾರತದಿಂದ ಬಂದ 20,000 ಟನ್ ಹತ್ತಿಯ ಸಾವಯವ ಕಾಗದಪತ್ರ ನಕಲಿ ಎಂದು 2020ರ ಅಕ್ಟೋಬರಿನಲ್ಲಿ ಅದು ಪ್ರಕಟಿಸಿತು. ಕಾಗದದ ಮೇಲಿನ ಚೌಕುಳಿ ಗುರುತನ್ನು ಮೊಬೈಲಿನಲ್ಲಿ ಹಿಡಿದರೆ ಅದು ಸರ್ಕಾರದ ಪುಟದ ಹಾಗೇ ಕಾಣುವ ಇನ್ನೊಂದು ನಕಲಿ ಪುಟಕ್ಕೆ ಒಯ್ಯುತ್ತಿತ್ತು! 11 ಕಂಪನಿಗಳನ್ನು ಹೊರಗೆ ಹಾಕಿದರು. ಇದರಲ್ಲಿ ಹತ್ತಿ ಬೆಳೆದವನ ತಪ್ಪು ಏನು? ಪರದೇಶದವರ ಬಾಯಲ್ಲಿ ಕಳಂಕ ಬಂದದ್ದು ಮಾತ್ರ ಭಾರತದ ಸಾವಯವ ಹತ್ತಿಗೆ.

ಎಳ್ಳಿನದೂ ಹಾಗೇ ಆಯಿತು. 2020ರ ಸೆಪ್ಟೆಂಬರಿನಲ್ಲಿ ಬೆಲ್ಜಿಯಂ ದೇಶದವರು ಭಾರತದ ಎಳ್ಳಿನಲ್ಲಿ ಎಥಿಲೀನ್ ಆಕ್ಸೈಡ್ ಎಂಬ ಅನಿಲದ ಶೇಷ ಹಿಡಿದರು. ಇದು ಹೊಲದಲ್ಲಿ ಹೊಡೆಯುವ ಔಷಧ ಅಲ್ಲ. ರೋಗಾಣು ಕೊಲ್ಲಲು ಗೋದಾಮಿನಲ್ಲಿ, ಸಂಸ್ಕರಣೆಯಲ್ಲಿ ಬಿಡುವಂಥದ್ದು, ಯುರೋಪಿನಲ್ಲಿ ನಿಷೇಧವಾದದ್ದು. ಸಾವಯವ ಎಂಬ ಮಾಲಿನಲ್ಲೂ ಸಿಕ್ಕಿತು. ಕೊನೆಗೆ ಯುರೋಪಿನ ಒಕ್ಕೂಟ ಭಾರತದಲ್ಲಿ ಕೆಲಸ ಮಾಡುವ ಐದು ಪ್ರಮಾಣನ ಸಂಸ್ಥೆಗಳನ್ನು ತನ್ನ ಪಟ್ಟಿಯಿಂದ ತೆಗೆಯಿತು. 2022ರ ಜನವರಿ 1ರಿಂದ ಅವುಗಳ ಕಾಗದ ಅಲ್ಲಿ ನಡೆಯದಾಯಿತು. ಅದಕ್ಕೂ ಮುಂಚೆ, 2021ರ ಜನವರಿಯಲ್ಲಿ, ಅಮೆರಿಕದ ಕೃಷಿ ಇಲಾಖೆಯೂ ಅಪೇಡ ಜೊತೆಗಿದ್ದ ಮಾನ್ಯತೆಯ ಒಪ್ಪಂದ ಮುಗಿಸಿತ್ತು. ಈ ಐದು ಸಂಸ್ಥೆಗಳ ಕೆಳಗಿದ್ದ ಸಾವಿರಾರು ಸಣ್ಣ ರೈತರು ತಾವು ಕಂಡೂ ಕೇಳದ ಗೋದಾಮಿನ ತಪ್ಪಿಗೆ ಮತ್ತೆ ಬೇರೆ ಸಂಸ್ಥೆ ಹುಡುಕಬೇಕಾಯಿತು.

ಇದನ್ನೆಲ್ಲ ಓದಿ ಮುದ್ರೆಯೇ ಬೇಡ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹತ್ತಿಯ ಮೋಸ ಹಿಡಿದು ಬಯಲಿಗೆ ಹಾಕಿದವರು ಮುದ್ರೆಯವರೇ. ಮರ್ಯಾದೆ ಹೋದೀತು ಎಂದು ಮುಚ್ಚಿಡಬಹುದಿತ್ತು, ಇಡಲಿಲ್ಲ. ಯಾರನ್ನೂ ಫೇಲು ಮಾಡದ ಮಾಸ್ತರರ ಸರ್ಟಿಫಿಕೇಟಿಗೆ ಬೆಲೆ ಎಲ್ಲಿಯದು? ಪ್ರಮಾಣನ ಸಂಸ್ಥೆಯವರು ನಿಮ್ಮ ಊರಿಗೆ ಬಂದರೆ ಹೋದ ವರ್ಷ ಎಷ್ಟು ಜನರದು ರದ್ದು ಮಾಡಿದಿರಿ ಎಂದು ಕೇಳಿ. ಒಂದೂ ಇಲ್ಲ ಎಂದು ಹೆಮ್ಮೆಯಿಂದ ಹೇಳಿದರೆ ಯೋಚನೆ ಮಾಡಿ.

ಹೊಲ ನೋಡುವವರು ನೆರೆಯವರೇ ಆದರೆ

ರೊಕ್ಕದ ಈ ಗಂಟು ಬಿಡಿಸಲು ಇನ್ನೊಂದು ದಾರಿ ಇದೆ. ರೈತರೇ ಒಬ್ಬರ ಹೊಲ ಒಬ್ಬರು ನೋಡಿ ಸಾಕ್ಷಿ ಹೇಳುವುದು. ಪಿ.ಜಿ.ಎಸ್. ಎನ್ನುತ್ತಾರೆ, ಸಹಭಾಗಿತ್ವದ ಖಾತರಿ ಪದ್ಧತಿ. ಬ್ರೆಜಿಲ್ ದೇಶದ ದಕ್ಷಿಣದಲ್ಲಿ ಎಕೋವಿಡಾ ಎಂಬ ರೈತರ ಜಾಲ 1998ರಿಂದ ಹೀಗೆ ನಡೆದಿದೆ. ಅಲ್ಲಿ ಕೊಂಡು ಉಣ್ಣುವವರೂ ಹೊಲ ನೋಡಲು ಬರುತ್ತಾರೆ. ನಮ್ಮಲ್ಲಿ ಇದನ್ನು ಕೇಂದ್ರ ಕೃಷಿ ಇಲಾಖೆಯ ಗಾಜಿಯಾಬಾದಿನ ಸಾವಯವ ಕೃಷಿ ಕೇಂದ್ರ ನಡೆಸುತ್ತದೆ. 2015ರಲ್ಲಿ ಬಂದ ಪರಂಪರಾಗತ ಕೃಷಿ ವಿಕಾಸ ಯೋಜನೆಯ ಗುಂಪುಗಳಿಗೆಲ್ಲ ಇದೇ ಪದ್ಧತಿ. ಕನಿಷ್ಠ ಐದು ರೈತರು ಸಾಕು. ಎಲ್ಲರೂ ಪ್ರತಿಜ್ಞೆ ಬರೆದುಕೊಡಬೇಕು, ಸಭೆಗೆ ಬರಬೇಕು, ಹೊಲ ನೋಡಿ ಫಾರಂ ತುಂಬಬೇಕು. ಅದನ್ನು ಪ್ರಾದೇಶಿಕ ಮಂಡಳಿ ಒಪ್ಪಿದರೆ ಪ್ರಮಾಣಪತ್ರ. ಪರಿವರ್ತನೆಯಲ್ಲಿ ಇರುವಾಗ ಪಿ.ಜಿ.ಎಸ್. ಗ್ರೀನ್, ಮುಗಿದ ಮೇಲೆ ಪಿ.ಜಿ.ಎಸ್. ಆರ್ಗ್ಯಾನಿಕ್. ದೇಶದೊಳಗೆ ಮಾರಲು ಇದು ನಡೆಯುತ್ತದೆ, ರಫ್ತಿಗೆ ನಡೆಯುವುದಿಲ್ಲ.

ನಾವು ಎಂಟು ಜನ ಈ ದಾರಿ ಹಿಡಿದೆವು. ಕಾಗದದ ಮೇಲೆ ಬಹಳ ಚಂದ ಕಾಣುತ್ತದೆ. ಹೊಲದಲ್ಲಿ ಏನಾಗುತ್ತದೆ ಎಂಬುದನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ಯಾಕೆಂದರೆ ಯಾವ ತರಬೇತಿಯಲ್ಲೂ ಇದನ್ನು ಹೇಳುವುದಿಲ್ಲ.

ಎರಡನೆಯ ವರ್ಷ ತೊಗರಿ ಹೂವಿಗೆ ಬಂದಾಗ ನಾಲ್ಕು ದಿನ ಮೋಡ ಕಟ್ಟಿತು. ಮೋಡ ಕಟ್ಟಿದರೆ ಕೀಡಿ ಬೀಳುತ್ತದೆ ಎಂದು ನಮ್ಮವರಿಗೆ ಗೊತ್ತು. ಹೊಲ ನೋಡುವ ಸರದಿಯಲ್ಲಿ ನಾವು ಮೂವರು ಗುಂಪಿನ ಒಬ್ಬರ ಹೊಲಕ್ಕೆ ಹೋದೆವು. ಅವರು ನನಗೆ ಬೀಗರು, ನನ್ನ ಮಗಳ ಮಾವ. ಬದುವಿನ ಮೇಲೆ ಔಷಧದ ವಾಸನೆ. ನಾನೇ ಕೇಳಿದೆ: "ಬೀಗರೇ, ಈ ಹೊಲಕ್ಕ ಏನರ ಹೊಡದೀರೇನ್ರಿ?" ಅವರು ಮುಚ್ಚಿಡಲಿಲ್ಲ. "ಹೊಡದೀನ್ರಿ. ಎರಡು ಎಕರೆ. ಕಣ್ಣ ಮುಂದ ಕಾಯಿ ತಿಂತಿತ್ತು. ನೀವ್ಯಾರಾದರ ಬಂದು ಕೀಡಿ ಆರಸ್ತಿದ್ರೇನು?"

ಫಾರಂ ತುಂಬುವ ಹುಡುಗ ಪೆನ್ನು ಹಿಡಿದು ನಿಂತ. "ಕಾಕಾ, ಏನು ಬರೀಲಿ?" ಅಂದ. ಒಂದು ಕಡೆ ಬೀಗತನ. ಇನ್ನೊಂದು ಕಡೆ ಏಳು ಜನರ ಎರಡು ವರ್ಷದ ಬೇಸಾಯ. ಹೂ ಕಾಯಿಯಲ್ಲಿ ಹೊಡೆದ ಔಷಧ ಕಾಳಿನ ಪರೀಕ್ಷೆಯಲ್ಲಿ ಸಿಕ್ಕರೆ ಎಂಟು ಜನರ ರಾಶಿಯೂ ಹೋಗುತ್ತದೆ. ಕಂಡದ್ದು ಬರಿ ಅಂದೆ. ಬರೆದ. ಆ ಎರಡು ಎಕರೆಗೆ ಪ್ರಮಾಣಪತ್ರ ಇಲ್ಲ, ಪರಿವರ್ತನೆ ಮತ್ತೆ ಮೊದಲಿನಿಂದ ಎಂದು ಸಭೆಯಲ್ಲಿ ಗೊತ್ತು ಮಾಡಿದೆವು. ಬೀಗರು ಆ ತೊಗರಿಯನ್ನು ಹುಮನಾಬಾದಿಗೆ ಒಯ್ದು ಮಾರಿದರು. ಯುಗಾದಿಗೆ ಕರೆದರೆ ನಮ್ಮ ಮನೆಗೆ ಊಟಕ್ಕೆ ಬರಲಿಲ್ಲ. ಮಗಳು ಎರಡೂ ಮನೆಯ ಮಾತು ಕೇಳಬೇಕಾಯಿತು.

ಹೊರಗಿನ ಇನ್ಸ್‌ಪೆಕ್ಟರು ರೊಕ್ಕಕ್ಕೆ ಹತ್ತಿರ ಇರುತ್ತಾನೆ, ನೆಂಟಸ್ತಿಕೆಯಿಂದ ದೂರ. ನಾವು ರೊಕ್ಕದಿಂದ ದೂರ, ನೆಂಟಸ್ತಿಕೆಗೆ ಹತ್ತಿರ. ಎರಡೂ ಕಡೆ ಕೈ ಹಿಡಿದು ಜಗ್ಗುವವರು ಇದ್ದಾರೆ. ಅದಕ್ಕೆ ಈಗ ನಮ್ಮ ಗುಂಪಿನಲ್ಲಿ ಎರಡು ಕಟ್ಟು ಮಾಡಿಕೊಂಡಿದ್ದೇವೆ. ಬೀಗರು, ಅಣ್ಣತಮ್ಮಂದಿರು, ಒಂದೇ ಬದುವಿನವರು ಒಬ್ಬರ ಹೊಲ ಒಬ್ಬರು ನೋಡುವಂತಿಲ್ಲ. ಮತ್ತು ವರ್ಷಕ್ಕೆ ಒಮ್ಮೆ ನಮ್ಮಿಂದ ಬೇಳೆ ಕೊಳ್ಳುವವರಲ್ಲಿ ಇಬ್ಬರನ್ನಾದರೂ ಕರೆದು ಹೊಲ ತೋರಿಸಬೇಕು.

ಬೀಗರು ಕೇಳಿದ ಪ್ರಶ್ನೆ ಮಾತ್ರ ನನ್ನ ತಲೆಯಲ್ಲಿ ಉಳಿಯಿತು. ಹೊಡೆಯಬೇಡ ಎಂದು ಬರೆಯುವುದು ಸುಲಭ, ಕೀಡಿ ಆರಿಸುವವರು ಯಾರು? ಮುಂದಿನ ವರ್ಷ ಹೂ ಬಿಡುವ ಮೊದಲೇ ಮೋಹಕ ಬಲೆ ಕಟ್ಟಿದೆವು, ನೂರಕ್ಕೆ ಐದರ ಬೇವಿನ ಬೀಜದ ಕಷಾಯ ಎಲ್ಲರದೂ ಒಂದೇ ಸಲ ಹೊಡೆದೆವು. ಕೀಡಿ ದೊಡ್ಡದಾದಾಗ ತಾಡಪಾಲು ಹಾಸಿ ಗಿಡ ಅಲುಗಿಸಿ ಉದುರಿಸಿದೆವು. ಕಲಬುರಗಿ ಸೀಮೆಯಲ್ಲಿ ಇದು ಹಳೆಯ ಪದ್ಧತಿ. ಎಂಟೂ ಜನ ಸರದಿಯ ಮೇಲೆ ಎಲ್ಲರ ಹೊಲಕ್ಕೆ ಹೋದೆವು, ಮೊದಲು ಬೀಗರ ಹೊಲಕ್ಕೇ. ಮುಯ್ಯಾಳು ಇಲ್ಲದ ಗುಂಪಿನಲ್ಲಿ ಪಿ.ಜಿ.ಎಸ್. ಫಾರಂ ಬರೇ ಫಾರಂ ಆಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಬೀಗರ ಹೊಲ ತೆಗೆದ ಆ ಸಭೆಯ ಹಾಳೆಯನ್ನು ನಾವು ಅಡಗಿಸಲಿಲ್ಲ, ಹೆಸರು ಮುಚ್ಚಿ ಕೊಳ್ಳುವವರಿಗೆ ತೋರಿಸಿದೆವು. ಬಸವಕಲ್ಯಾಣದ ಒಬ್ಬ ತಾಯಿ ಅದನ್ನು ಓದಿ, "ಒಬ್ಬರದು ತೆಗದೀರಲ್ಲ, ಹಂಗಾದ್ರ ಉಳದವರದು ಕೊಡ್ರಿ" ಎಂದು 20 ಕಿಲೋ ಬೇಳೆ ಒಯ್ದರು. ಪ್ರಮಾಣಪತ್ರ ತೋರಿಸಿದಾಗ ಅವರು ಅಷ್ಟು ಲಕ್ಷ್ಯ ಕೊಟ್ಟಿರಲಿಲ್ಲ.

ನಾವು ಕೊಳ್ಳುವಾಗ

ಮಾರುವಾಗ ಇಷ್ಟೆಲ್ಲ ಕಟ್ಟುಪಾಡು ನೋಡುವ ನಾವು ಗೊಬ್ಬರದಂಗಡಿಯಲ್ಲಿ ಕಣ್ಣು ಮುಚ್ಚುತ್ತೇವೆ. ಡಬ್ಬಿಯ ಮೇಲೆ ಎಲೆಯ ಚಿತ್ರ, ಹಸಿರು ಬಣ್ಣ, 'ಆರ್ಗ್ಯಾನಿಕ್', 'ಬಯೋ' ಎಂಬ ಅಕ್ಷರ, ಪಕ್ಕದಲ್ಲಿ ಐ.ಎಸ್.ಓ. 9001. ಈ ಐ.ಎಸ್.ಓ. ಡಬ್ಬಿಯ ಒಳಗಿನ ಮಾಲಿಗೆ ಕೊಟ್ಟ ಮುದ್ರೆ ಅಲ್ಲ. ಕಂಪನಿಯ ಕೆಲಸದ ಕ್ರಮ ಬರೆದಿಟ್ಟಂತೆ ನಡೆಯುತ್ತದೆ ಎಂಬುದಕ್ಕೆ ಮಾತ್ರ. 14001 ಎಂದಿದ್ದರೆ ಪರಿಸರದ ಬಗ್ಗೆ ಕಂಪನಿಯಲ್ಲಿ ಒಂದು ವ್ಯವಸ್ಥೆ ಇದೆ ಎಂದರ್ಥ, ಹೊಗೆ ಬಿಡುವುದಿಲ್ಲ ಎಂದಲ್ಲ. ಐ.ಎಸ್.ಓ. ಸಂಸ್ಥೆ ತಾನು ಯಾರಿಗೂ ಪ್ರಮಾಣಪತ್ರ ಕೊಡುವುದೇ ಇಲ್ಲ. ನಿಯಮ ಮಾತ್ರ ಬರೆಯುತ್ತದೆ, ನೋಡಿ ಮುದ್ರೆ ಒತ್ತುವವರು ಬೇರೆ ಸಂಸ್ಥೆಗಳು. ಗೊಬ್ಬರಕ್ಕೆ ನೋಡಬೇಕಾದದ್ದು 1985ರ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರದ ವಿವರ. ಜೈವಿಕ ಪ್ರಚೋದಕ ಎಂದು ಮಾರುವ ದ್ರಾವಣಗಳನ್ನೂ 2021ರಲ್ಲಿ ಅದರೊಳಗೆ ತಂದಿದ್ದಾರೆ. ಬಿಲ್ಲು ಕೊಡದ ಅಂಗಡಿಯಿಂದ ಸಾವಯವದವರು ಏನನ್ನೂ ತರಬಾರದು. 'ಬಯೋ' ಡಬ್ಬಿಯಲ್ಲಿ ವಿಷ ಬೆರೆತಿದ್ದರೆ ಸಿಕ್ಕಿಬೀಳುವವರು ನೀವು.

ಕಂಪನಿಗಳ ಪರಿಸರ ಸ್ನೇಹಿ ಮಾಲಿಗೆ ಸರ್ಕಾರ 1991ರಲ್ಲೇ ಇಕೋಮಾರ್ಕ್ ಎಂಬ ಮುದ್ರೆ ತಂದಿತ್ತು. ಗುರುತು ಮಣ್ಣಿನ ಮಡಕೆ! ಮಡಕೆ ಚಂದ ಇತ್ತು, ಕಂಪನಿಗಳು ಮಾತ್ರ ಹೆಚ್ಚು ಮುಂದೆ ಬರಲಿಲ್ಲ. ತಾವೇ ಎಲೆ ಚಿತ್ರ ಬರೆದುಕೊಂಡರೆ ಕೇಳುವವರಿಲ್ಲದಾಗ ತಪಾಸಣೆಗೆ ಯಾರು ಹೋಗುತ್ತಾರೆ? 2024ರಲ್ಲಿ ಆ ನಿಯಮವನ್ನು ಹೊಸದಾಗಿ ಹೊರಡಿಸಿದ್ದಾರೆ. ಅದೇ ವರ್ಷ ಅಕ್ಟೋಬರಿನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ, ಪರಿಸರ ಸ್ನೇಹಿ, ನೈಸರ್ಗಿಕ ಎಂದೆಲ್ಲ ಜಾಹೀರಾತು ಮಾಡುವವರು ಆಧಾರ ತೋರಿಸಬೇಕು ಎಂದು ಮಾರ್ಗಸೂಚಿ ಹೊರಡಿಸಿದೆ.

ಇನ್ನೊಂದು ಗೊಂದಲ ಭೌಗೋಳಿಕ ಸೂಚಿಯದು. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಅದು ಸಿಕ್ಕಿತು, ನಮ್ಮ ಬಿದರಿ ಕೆಲಸಕ್ಕೆ ಅದಕ್ಕೂ ಮುಂಚೆಯೇ ಇದೆ. ಅದು ಎಲ್ಲಿಯದು ಎಂದು ಹೇಳುತ್ತದೆ. ಔಷಧ ಹೊಡೆದಿದ್ದರೋ ಇಲ್ಲವೋ ಹೇಳುವುದಿಲ್ಲ.

ಸಹಿ ಮಾಡುವ ಮೊದಲು

ಗುಂಪಿಗೆ ಸೇರುವವರು ಕಾಗದ ಕನ್ನಡದಲ್ಲಿ ಕೇಳಿ. ಪ್ರಮಾಣಪತ್ರ ಯಾರ ಹೆಸರಿಗೆ, ಅವಧಿ ಎಂದು ಮುಗಿಯುತ್ತದೆ, ಗುಂಪು ಬಿಟ್ಟರೆ ನನ್ನ ಹೊಲದ ಪರಿವರ್ತನೆಯ ವರ್ಷಗಳು ನನ್ನ ಜೊತೆ ಬರುತ್ತವೆಯೇ, ಅವರು ಕೊಳ್ಳದಿದ್ದರೆ ಬೇರೆಯವರಿಗೆ ಸಾವಯವ ಎಂದು ಮಾರಬಹುದೇ, ಇಷ್ಟನ್ನು ಬರಹದಲ್ಲಿ ಪಡೆಯಿರಿ. ನಿಮ್ಮ ಹೊಲದ ಸರ್ವೆ ನಂಬರು ಈಗಾಗಲೇ ಯಾವುದಾದರೂ ಗುಂಪಿನಲ್ಲಿ ಸೇರಿದೆಯೇ ಎಂದೂ ಕೇಳಿ. ಗೊತ್ತಿಲ್ಲದೆ ಕೊಟ್ಟ ಪಹಣಿಯ ಝೆರಾಕ್ಸು ಎಲ್ಲೆಲ್ಲಿಗೋ ಹೋಗಿರುತ್ತದೆ.

ಮನೆ ಬಾಗಿಲಲ್ಲೋ ಸಂತೆಯಲ್ಲೋ ಉಣ್ಣುವವರಿಗೆ ನೀವೇ ನೇರ ಮಾರುವುದಾದರೆ, ಆಹಾರ ಸುರಕ್ಷತಾ ಪ್ರಾಧಿಕಾರದ 2017ರ ಸಾವಯವ ಆಹಾರ ನಿಯಮದಲ್ಲಿ ಬೆಳೆದವನಿಗೆ ಪ್ರಮಾಣಪತ್ರದ ವಿನಾಯಿತಿ ಇದೆ. ಆದರೆ ಚೀಲದ ಮೇಲೆ ಸರ್ಕಾರಿ ಸಾವಯವ ಮುದ್ರೆ ಹಾಕುವಂತಿಲ್ಲ. ಅಂಗಡಿಗೆ ಕೊಟ್ಟು ಮಾರಿಸುವುದಾದರೆ ರಾಷ್ಟ್ರೀಯ ಕಾರ್ಯಕ್ರಮದ್ದೋ ಪಿ.ಜಿ.ಎಸ್.ನದೋ ಒಂದು ಬೇಕು. ಮುದ್ರೆಯ ಚಿತ್ರ ಕಾಲಕಾಲಕ್ಕೆ ಬದಲಾಗಬಹುದು, ಅದರ ಕೆಳಗಿನ ನಂಬರು ಮುಖ್ಯ. ನಂಬರನ್ನು ಚೀಟಿಯ ಮೇಲಿನ ಚೌಕುಳಿ ಹಿಡಿದು ನೋಡಬೇಡಿ. ಹತ್ತಿಯವರಿಗೆ ಆದದ್ದು ನೆನಪಿರಲಿ. ಊರಿನ ಕಂಪ್ಯೂಟರ್ ಅಂಗಡಿಯಲ್ಲಿ ಅಪೇಡದ ಅಥವಾ ಪಿ.ಜಿ.ಎಸ್.ನ ಪುಟವನ್ನು ನೇರ ತೆರೆದು ನಂಬರು ಹೊಡೆಸಿ ನೋಡಿ.

ಪಿ.ಜಿ.ಎಸ್. ಗುಂಪು ಮಾಡಬೇಕೆನ್ನುವವರು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಬಹುದು. ಹೋಗುವಾಗ ಐವರದೂ ಪಹಣಿ, ಆಧಾರ್, ಹೊಲದ ಕೈಚಿತ್ರ, ಹಿಂದಿನ ಎರಡು ವರ್ಷ ಏನು ಬಿತ್ತಿ ಏನು ಹಾಕಿದ್ದಿರಿ ಎಂಬ ಪಟ್ಟಿ ಒಯ್ಯಿರಿ. ಆ ದಿನದಿಂದಲೇ ಒಂದು ದಪ್ಪ ನೋಟುಬುಕ್ಕು ಇಡಿ. ಎಡಗಡೆ ಹಾಳೆಯಲ್ಲಿ ಹೊಲಕ್ಕೆ ಹೋದದ್ದು, ಬಲಗಡೆ ಹೊಲದಿಂದ ಬಂದದ್ದು. ಬಾಡಿಗೆಗೆ ತಂದ ಪಂಪು ಯಾವ ದಿನ ತೊಳೆದಿರಿ ಎಂಬುದನ್ನೂ ಬರೆಯಿರಿ. ಬೇರೆಯವರ ಔಷಧ ಅದರ ತಳದಲ್ಲಿ ಉಳಿದು ಬರುವುದೇ ಹೆಚ್ಚು.